ಎಪಿ ವರ್ಲ್ಡ್ ಹಿಸ್ಟರಿ: ಮನೆಯಲ್ಲಿ ಮೂರು ರಿವ್ಯೂ ಪುಸ್ತಕ ಇವೆ, ಮಗಳು ಓದಬೇಕಾದ್ದು ಯಾವುದು?

ಮುಲುಂಡ್ ಗಲ್ಲಾ:

ಎಲ್ಲರಿಗೂ ನಮಸ್ಕಾರ. ಮಗಳು ಹನ್ನೊಂದನೇ ಕ್ಲಾಸು. ಬರುವ ಮೇ ತಿಂಗಳಲ್ಲಿ ಎಪಿ ವರ್ಲ್ಡ್ ಹಿಸ್ಟರಿ ಪರೀಕ್ಷೆ ಬರೆಯುತ್ತಾಳೆ. ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲ್ ಮಕ್ಕಳು ಬರೆಯುವ ಕಾಲೇಜು ಮಟ್ಟದ ಪರೀಕ್ಷೆ, ಅಮೆರಿಕದ ಕಾಲೇಜ್ ಬೋರ್ಡ್ ನಡೆಸುತ್ತದೆ, ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ ಅನ್ನೋದು ಬಿಟ್ಟರೆ ನನಗೆ ಜಾಸ್ತಿ ಗೊತ್ತಿಲ್ಲ. ನಾನು ಓದಿದ್ದು ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕೈಕಾಲು ತೊಳೆದು ಕ್ಲಾಸಿಗೆ ಓಡುತ್ತಿದ್ದೆ. ಹಿಸ್ಟರಿ ಅಂದರೆ ಪಾಣಿಪತ್ ಯುದ್ಧಗಳ ಇಸವಿ ಬಾಯಿಪಾಠ ಮಾಡೋದು, ಅಷ್ಟೇ. ಈಗ ಸ್ವಂತ ಹೋಟೆಲ್ ಇದೆ, ಸಣ್ಣದು, ಈ ಪ್ರಶ್ನೆಯನ್ನೂ ಗಲ್ಲಾದಲ್ಲಿ ಕೂತೇ ಟೈಪ್ ಮಾಡುತ್ತಿದ್ದೇನೆ.

ಸಮಸ್ಯೆ ಏನಪ್ಪಾ ಅಂದರೆ ಮನೆಯಲ್ಲಿ ಮೂರು ರಿವ್ಯೂ ಪುಸ್ತಕ, ಅಂದರೆ ಪರೀಕ್ಷೆ ತಯಾರಿಯ ಪುಸ್ತಕ, ಸೇರಿವೆ. ಒಂದು ಅಕ್ಕನ ಮಗ ನ್ಯೂಜೆರ್ಸಿಯಿಂದ ಬರುವಾಗ ತಂದುಕೊಟ್ಟದ್ದು, ಅವನು ಓದಿದ್ದು, ದಪ್ಪ ಅಂದರೆ ದಪ್ಪ, ತಲೆದಿಂಬು ಮಾಡಿಕೊಳ್ಳಬಹುದು. ಇನ್ನೊಂದು ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಸಿಕ್ಕಿತು, ಹೊದಿಕೆ ಇಲ್ಲ, ಎಲ್ಲಾ ಪ್ರಶ್ನೆಗೂ ಯಾರೋ ಪೆನ್ಸಿಲ್‌ನಲ್ಲಿ ಉತ್ತರ ಗುರುತು ಹಾಕಿದ್ದಾರೆ. ಮೂರನೆಯದು ಆನ್‌ಲೈನ್‌ನಲ್ಲಿ ಹೊಸದಾಗಿ ತರಿಸಿದ್ದು, ಸಣ್ಣದು, ಆದರೆ ದುಬಾರಿ. ಮೂರನ್ನೂ ಮೇಜಿನ ಮೇಲಿಟ್ಟುಕೊಂಡು ಮೂರರಲ್ಲೂ ಶುರುವಿನ ಪಾಠ ಓದಿದ್ದಾಳೆ. ಮಂಗೋಲರು ಎರಡು ಸಲ ಬಂದು ಹೋದರು, ಮುಂದಕ್ಕೆ ಯಾರೂ ಬಂದಿಲ್ಲ. ಈಗ ಅವಳ ಸ್ನೇಹಿತೆ ನಾಲ್ಕನೆಯ ಪುಸ್ತಕದ ಹೆಸರು ಹೇಳಿದ್ದಾಳಂತೆ, ಅದೇ ಬೆಸ್ಟ್ ಅಂತೆ.

ನಮ್ಮ ಕಾಲದಲ್ಲಿ ನವನೀತ್ ಗೈಡ್ ಒಂದು ತಂದರೆ ಮುಗಿಯಿತು. ಇಲ್ಲಿ ಯಾವುದು ಗೈಡ್, ಯಾವುದು ಟೆಕ್ಸ್ಟ್ ಬುಕ್ ಅಂತಲೇ ಗೊತ್ತಾಗುವುದಿಲ್ಲ. ಹಳೆಯದು ನಡೆಯುತ್ತಾ? ಒಂದು ಸಾಕಾ? ಮಕ್ಕಳಿಗೆ ಈ ಪರೀಕ್ಷೆ ಬರೆಸಿದವರು ದಯವಿಟ್ಟು ಹೇಳಿ.


ಕೋಥ್ರುಡ್ ಕಟ್ಟೆ:

ಅಣ್ಣಾವ್ರೇ, ಯಾವ ಕಂಪನಿ ಅಂತ ಆಮೇಲೆ ನೋಡೋಣ. ಮೊದಲು ಮೂರೂ ಪುಸ್ತಕದ ಒಳಪುಟ ತೆಗೆದು ಯಾವ ವರ್ಷದ್ದು ನೋಡಿ. ಇದರಲ್ಲಿ ನಾನು ಕೈ ಸುಟ್ಟುಕೊಂಡವನು.

ಈ ಕೋರ್ಸಿನ ಪಠ್ಯವನ್ನು 2019ರಲ್ಲಿ ಬದಲಾಯಿಸಿದರು. ಅದಕ್ಕೂ ಮೊದಲು ಪಾಠ ಶುರುವಾಗುತ್ತಿದ್ದದ್ದು ಕ್ರಿಸ್ತಪೂರ್ವ 8000ದಿಂದ. ಬೇಸಾಯ ಶುರುವಾದದ್ದು, ಸಿಂಧೂ ಕಣಿವೆ, ರೋಮ್, ಗುಪ್ತರು, ಎಲ್ಲಾ ಇತ್ತು. ಈಗ ಕೋರ್ಸಿನ ಹೆಸರೇ ವರ್ಲ್ಡ್ ಹಿಸ್ಟರಿ ಮಾಡರ್ನ್. ಸುಮಾರು ಕ್ರಿಸ್ತಶಕ 1200ರಿಂದ ಶುರು, ಇವತ್ತಿನವರೆಗೆ, ಒಂಬತ್ತು ಯೂನಿಟ್. ನಿಮ್ಮ ಅಕ್ಕನ ಮಗನ ದಪ್ಪ ಪುಸ್ತಕ ಮಂಗೋಲರಿಗಿಂತ ಮೊದಲೇ ಇನ್ನೂರು ಪುಟ ಓಡಿದ್ದರೆ ಅದು ಹಳೇ ಕೋರ್ಸಿನದ್ದು. ಪುಸ್ತಕ ಕೆಟ್ಟದ್ದಲ್ಲ, ಆದರೆ ಆ ಇನ್ನೂರು ಪುಟ ಓದಿದರೆ ಈ ಪರೀಕ್ಷೆಗೆ ಪೈಸೆ ಉಪಯೋಗ ಇಲ್ಲ.

ಅದಕ್ಕಿಂತ ಸೂಕ್ಷ್ಮದ್ದು ಇನ್ನೊಂದಿದೆ. ಡಿಬಿಕ್ಯೂ, ಅಂದರೆ ಡಾಕ್ಯುಮೆಂಟ್ ಬೇಸ್ಡ್ ಕ್ವೆಶ್ಚನ್ ಅಂತ ಒಂದು ದೊಡ್ಡ ಪ್ರಶ್ನೆ ಇರುತ್ತದೆ. ಏಳು ದಾಖಲೆ ಕೊಡುತ್ತಾರೆ, ಪತ್ರ, ಚಿತ್ರ, ಭಾಷಣ, ಹೀಗೆ, ಅವನ್ನು ಬಳಸಿ ವಾದ ಕಟ್ಟಿ ಬರೆಯಬೇಕು. ಮೊದಲು ಪೂರ್ತಿ ಅಂಕ ಬೇಕೆಂದರೆ ಏಳರಲ್ಲಿ ಆರು ದಾಖಲೆ ಬಳಸಬೇಕಿತ್ತು, ಮೂರರ ಬಗ್ಗೆ ಯಾರು ಯಾಕೆ ಹೀಗೆ ಬರೆದರು ಅಂತ ವಿವರಿಸಬೇಕಿತ್ತು. 2023-24ರ ಶಾಲಾ ವರ್ಷದಿಂದ ಆರು ಇದ್ದದ್ದು ನಾಲ್ಕಾಯಿತು, ಮೂರು ಇದ್ದದ್ದು ಎರಡಾಯಿತು. ನನ್ನ ಮಗ ಬರೆದದ್ದು ಹೊಸ ನಿಯಮದಲ್ಲಿ, ಓದಿದ್ದು ಹಳೇ ಪುಸ್ತಕದಲ್ಲಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ಆರು ದಾಖಲೆ ತುರುಕುವ ಗಡಿಬಿಡಿಯಲ್ಲಿ ವಾದವೇ ಕೈಬಿಟ್ಟು ಹೋಗುತ್ತಿತ್ತು, ಯಾಕೆ ಅಂತ ನಮಗಿಬ್ಬರಿಗೂ ಗೊತ್ತಾಗಿದ್ದು ಫೆಬ್ರವರಿಯಲ್ಲಿ. ಜಾಸ್ತಿ ಬರೆದರೆ ಅಂಕ ಕಳೆಯುವುದಿಲ್ಲ, ನಿಜ. ಆದರೆ ಹೊತ್ತು ಹೋಯಿತಲ್ಲ.

2025ರ ಮೇ ಪರೀಕ್ಷೆಯಿಂದ ಎಲ್ಲವೂ ಕಂಪ್ಯೂಟರಿನಲ್ಲಿ, ಬ್ಲೂಬುಕ್ ಅನ್ನುವ ಆ್ಯಪಿನಲ್ಲಿ. ಪೆನ್ನು ಹಿಡಿದು ಬರೆಯುವುದಿಲ್ಲ, ಟೈಪ್ ಮಾಡಬೇಕು. ಪುಸ್ತಕ ಇನ್ನೂ ಉತ್ತರ ಪತ್ರಿಕೆಯಲ್ಲಿ ಗೋಲ ತುಂಬುವ ಬಗ್ಗೆ ಪಾಠ ಮಾಡುತ್ತಿದ್ದರೆ ಅದರ ವಯಸ್ಸು ನಿಮಗೇ ಗೊತ್ತಾಗುತ್ತೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ ಅಂತ ಬರೆದಿದ್ದರಂತೂ ಅದು 2011ಕ್ಕಿಂತ ಹಳೆಯದು. ಆ ಕಡಿತ ಈಗ ಇಲ್ಲ. ಗೊತ್ತಿಲ್ಲದಿದ್ದರೂ ಒಂದು ಗುರುತು ಹಾಕಿಯೇ ಬರಬೇಕು.

ಅಂದಹಾಗೆ ಪುಣೆಯಲ್ಲಿ ಪುಸ್ತಕದಂಗಡಿಗಳ ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಎಪಿ ಪುಸ್ತಕ ಕೊಡಿ ಅಂದರೆ ಒಬ್ಬರು ನನ್ನನ್ನು ಕೇಳಿದ್ದು, ಆಂಧ್ರ ಬೋರ್ಡಾ ಅಂತ. ಮೂರು ಅಂಗಡಿ ತಿರುಗಿದ ಮೇಲೆ ಒಬ್ಬರು ಒಳಗಿನಿಂದ ಧೂಳು ಕೊಡವಿ ತಂದುಕೊಟ್ಟರು. ಖುಷಿಯಲ್ಲಿ ವರ್ಷ ನೋಡದೆ ತಂದೆ. ಮೇಲೆ ಹೇಳಿದ ಪುಸ್ತಕ ಅದೇ.


ಘಾಟ್ಕೋಪರ್ ಸ್ಲೋ ಲೋಕಲ್:

ಅಂಕಲ್, ನಾನು ಈ ಪರೀಕ್ಷೆ ಬರೆದು ಈಗ ಕಾಲೇಜಿನಲ್ಲಿದ್ದೇನೆ, ಹಾಗಾಗಿ ಬರೆದವಳ ಕಡೆಯಿಂದ ಹೇಳುತ್ತೇನೆ.

ಪರೀಕ್ಷೆ 3 ಗಂಟೆ 15 ನಿಮಿಷ. ಮೊದಲು 55 ನಿಮಿಷದಲ್ಲಿ 55 ಬಹು ಆಯ್ಕೆ ಪ್ರಶ್ನೆ, ಇದಕ್ಕೆ 40 ಪರ್ಸೆಂಟ್. ಆಮೇಲೆ 40 ನಿಮಿಷದಲ್ಲಿ ಮೂರು ಚಿಕ್ಕ ಉತ್ತರ, 20 ಪರ್ಸೆಂಟ್. ಕೊನೆಗೆ ಡಿಬಿಕ್ಯೂ 25 ಪರ್ಸೆಂಟ್ ಮತ್ತು ಒಂದು ಉದ್ದ ಪ್ರಬಂಧ 15 ಪರ್ಸೆಂಟ್, ಎರಡಕ್ಕೂ ಸೇರಿ 100 ನಿಮಿಷ. ಲೆಕ್ಕ ಹಾಕಿ ನೋಡಿ, 60 ಪರ್ಸೆಂಟ್ ಬರವಣಿಗೆ. ಬಹು ಆಯ್ಕೆಯಲ್ಲೂ ಸುಮ್ನೆ ಇಸವಿ ಕೇಳುವುದಿಲ್ಲ. ಒಂದು ಪ್ಯಾರಾನೋ ನಕ್ಷೆನೋ ಕೊಟ್ಟು ಅದರ ಮೇಲೆ ಮೂರು ನಾಲ್ಕು ಪ್ರಶ್ನೆ. ನಿಮ್ಮ ಪಾಣಿಪತ್ ಇಸವಿ ಬಾಯಿಪಾಠ ಇಲ್ಲಿ ನಡೆಯಲ್ಲ, ಸಾರಿ.

ಈಗ ಪುಸ್ತಕದ ವಿಷಯ. ಆಮ್ಸ್ಕೋ ಅಂತ ಇದೆಯಲ್ಲ, ಅದು ಗೈಡ್ ಅನ್ನುವುದಕ್ಕಿಂತ ಟೆಕ್ಸ್ಟ್ ಬುಕ್ಕೇ ಅನ್ನಬಹುದು. ಯೂನಿಟ್ ಪ್ರಕಾರ ಹೋಗುತ್ತದೆ, ಪ್ರತಿ ಪಾಠ ಆದ ಮೇಲೆ ಪ್ರಶ್ನೆ. ಶಾಲೆಯಲ್ಲಿ ಪಾಠ ಸರಿಯಾಗಿ ಆಗದವರು, ಸ್ವಂತ ಓದುವವರು ಇದನ್ನು ತಗೋಬೇಕು. ಆದರೆ ಏಪ್ರಿಲ್‌ನಲ್ಲಿ ಶುರು ಮಾಡಿದರೆ ಮುಗಿಯಲ್ಲ. ಪ್ರಿನ್ಸ್‌ಟನ್ ರಿವ್ಯೂ ತೆಳ್ಳಗೆ ಹೇಳುತ್ತದೆ, ಪರೀಕ್ಷೆ ಹೇಗೆ ಬರೆಯಬೇಕು ಅನ್ನೋದಕ್ಕೆ ಜಾಗ ಜಾಸ್ತಿ, ಪೂರ್ತಿ ಮಾದರಿ ಪರೀಕ್ಷೆಗಳೂ ಇವೆ. ಪಾಠ ಗೊತ್ತಿದ್ದವರಿಗೆ ಸರಿ, ಗೊತ್ತಿಲ್ಲದವರಿಗೆ ಅದು ಊಟದ ಮೆನು ಓದಿದ ಹಾಗೆ. ಬ್ಯಾರನ್ಸ್ ನನ್ನ ಕ್ಲಾಸಿನ ಒಬ್ಬ ಓದಿದ, ವಿವರ ಜಾಸ್ತಿ, ಪ್ರಶ್ನೆ ಕಷ್ಟ ಅನ್ನುತ್ತಿದ್ದ. ಫೈವ್ ಸ್ಟೆಪ್ಸ್‌ನಲ್ಲಿ ಒಂದು ವರ್ಷ ಇದ್ದರೆ ಹೀಗೆ, ಅರ್ಧ ವರ್ಷ ಇದ್ದರೆ ಹೀಗೆ, ಕೆಲವೇ ವಾರ ಉಳಿದಿದ್ದರೆ ಹೀಗೆ ಅಂತ ಟೈಮ್ ಟೇಬಲ್ ಹಾಕಿಕೊಡುತ್ತಾರೆ. ಟೈಮ್ ಟೇಬಲ್ ಪಾಲಿಸುವ ಮಕ್ಕಳಿಗೆ ಅದು ಒಳ್ಳೆಯದು. ನಾನು ಆ ಜಾತಿ ಅಲ್ಲ.

ನನ್ನ ಅಭಿಪ್ರಾಯ: ಓದಲು ಒಂದು, ಪ್ರಶ್ನೆ ಬಿಡಿಸಲು ಒಂದು. ಮೂರನೆಯದು ಬಂದರೆ ಸ್ನೇಹಿತೆಗೆ ಕೊಟ್ಟುಬಿಡಿ. ನಾಲ್ಕನೆಯದರ ಹೆಸರು ಹೇಳಿದ ಆ ಸ್ನೇಹಿತೆಗೇ ಕೊಡಿ.

ಇನ್ನೊಂದು ಮಾತು. ಹಳೇ ವರ್ಷಗಳ ಬರೆಯುವ ಪ್ರಶ್ನೆಗಳು ಕಾಲೇಜ್ ಬೋರ್ಡ್ ಸೈಟಿನಲ್ಲಿ ಪುಕ್ಕಟೆ ಇವೆ. ಪ್ರಶ್ನೆ ಮಾತ್ರ ಅಲ್ಲ, ನಿಜವಾಗಿ ಮಕ್ಕಳು ಬರೆದ ಉತ್ತರ, ಅದಕ್ಕೆ ಎಷ್ಟು ಅಂಕ ಬಿತ್ತು, ಯಾಕೆ ಬಿತ್ತು, ಎಲ್ಲ ಇದೆ. ಇದಕ್ಕಿಂತ ಒಳ್ಳೆಯ ಗೈಡ್ ಯಾವ ಅಂಗಡಿಯಲ್ಲೂ ಇಲ್ಲ. ಆದರೆ ಬಹು ಆಯ್ಕೆ ಪ್ರಶ್ನೆಗಳನ್ನು ಹಾಗೆ ಹೊರಗೆ ಹಾಕುವುದಿಲ್ಲ, ಎಪಿ ಕ್ಲಾಸ್‌ರೂಮ್ ಅನ್ನುವ ಬೋರ್ಡಿನ ಆನ್‌ಲೈನ್ ಜಾಗದಲ್ಲಿ, ಶಾಲೆಯ ಖಾತೆಯಲ್ಲಿ ಟೀಚರ್ ಕೊಟ್ಟಷ್ಟೇ ಸಿಗೋದು. ಅಂದರೆ ದುಡ್ಡು ಕೊಟ್ಟು ಪುಸ್ತಕ ತರುವುದು ಮುಖ್ಯವಾಗಿ ಆ 55 ಪ್ರಶ್ನೆಗಳ ಅಭ್ಯಾಸಕ್ಕೆ. ಇದು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎರಡು ಪುಸ್ತಕದ ದುಡ್ಡು ಉಳಿಯುತ್ತಿತ್ತು.

ಪರೀಕ್ಷಾ ಕೇಂದ್ರ ಗಟ್ಟಿ ಮಾಡಿಕೊಂಡಿದ್ದೀರಾ? ಎಲ್ಲಾ ಶಾಲೆಯಲ್ಲೂ ಎಲ್ಲಾ ವಿಷಯ ಬರೆಸುವುದಿಲ್ಲ. ಅದನ್ನು ಮೊದಲು ಕೇಳಿ.


ಮಡಗಾಂವ್ ಟೀಚರ್:

ಮೂಲತಃ ಕುಮಟಾದವಳು, ಗೋವಾದಲ್ಲಿ ಹಿಸ್ಟರಿ ಕಲಿಸುತ್ತೇನೆ. ಮೇಲೆ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಕಂಪನಿ ಹೆಸರಿನ ಮೇಲೆ ಅಷ್ಟು ನಂಬಿಕೆ ಮಾತ್ರ ಬೇಡ. ಒಂದೇ ಕಂಪನಿಯ ಪುಸ್ತಕದಲ್ಲಿ ಒಂದು ಪಾಠ ಚೆನ್ನಾಗಿರುತ್ತೆ, ಇನ್ನೊಂದು ಬರೀ ಪಟ್ಟಿ ಇರುತ್ತೆ.

ನಾನು ಮಕ್ಕಳಿಗೆ ಹೇಳುವ ದಾರಿ ಬೇರೆ. ನಿಮಗೆ ಮೊದಲೇ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹಿಡಿದುಕೊಳ್ಳಿ. ಕೈಯಲ್ಲಿರುವ ಎಲ್ಲಾ ಪುಸ್ತಕದ ಹಿಂದಿನ ಸೂಚಿಯಲ್ಲಿ ಆ ಪದ ಹುಡುಕಿ, ಆ ಪುಟಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ಓದಿ. ಅರ್ಧ ಗಂಟೆಯ ಕೆಲಸ. ಯಾವ ಪುಸ್ತಕ ಏನಾಯಿತು ಅಂತ ಮಾತ್ರ ಹೇಳಿ ಬಿಡುತ್ತದೆ, ಯಾವುದು ಯಾಕೆ ಆಯಿತು, ಅದರಿಂದ ಮುಂದೆ ಏನಾಯಿತು ಅಂತಲೂ ಹೇಳುತ್ತದೆ, ಕಣ್ಣಿಗೆ ಹೊಡೆಯುತ್ತದೆ.

ನಾನು ನೋಡುವುದು ಹತ್ತಿ. ಯಾಕೆಂದರೆ ಅದು ನಮ್ಮೂರಿನ ಕಥೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಉತ್ತರದವರು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದರು, ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಆಗ ಇಂಗ್ಲೆಂಡಿನವರು ಈಜಿಪ್ಟ್ ಕಡೆ ನೋಡಿದರು, ಮುಂಬಯಿ ಕಡೆ ನೋಡಿದರು. ಧಾರವಾಡ ಸೀಮೆಯ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಎಷ್ಟು ಬರುತ್ತಿತ್ತು ಅಂದರೆ ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಆ ಹತ್ತಿಯ ಹೆಸರೇ ಕುಮಟಾ. ನಮ್ಮೂರಲ್ಲಿ ಹತ್ತಿ ಗಿಡ ನೋಡಿದವರು ಎಷ್ಟು ಜನ ಇದ್ದಾರೋ! ಮುಂಬಯಿಯಲ್ಲಿ ದುಡ್ಡು ಹೊಳೆಯಾಗಿ ಹರಿಯಿತು, ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡುವ ಕಂಪನಿಗಳ ಷೇರಿಗೆ ಜನ ಮುಗಿಬಿದ್ದರು. 1865ರಲ್ಲಿ ಅಲ್ಲಿ ಯುದ್ಧ ಮುಗಿಯಿತು, ಇಲ್ಲಿ ಹತ್ತಿ ಬೆಲೆ ಬಿತ್ತು, ಷೇರು ಕುಸಿಯಿತು.

ಈ ಪರೀಕ್ಷೆ ಕೇಳುವುದೇ ಇಂಥದ್ದನ್ನು. ಒಂದು ಕಡೆಯ ಯುದ್ಧ ಇನ್ನೊಂದು ಕಡೆಯ ರೈತನ ಬಾಳನ್ನು ಹೇಗೆ ತಿರುಗಿಸಿತು ಅಂತ. ರಿವ್ಯೂ ಪುಸ್ತಕದಲ್ಲಿ ಕುಮಟಾ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಲ್ಯಾಂಕಶೈರ್‌ನಿಂದ ಈಜಿಪ್ಟ್, ಭಾರತದವರೆಗಿನ ಆ ಕೊಂಡಿ ಒಂದು ಪ್ಯಾರಾದಲ್ಲಾದರೂ ಸಿಗಬೇಕು. ಕುಮಟಾ ಥರದ್ದನ್ನು ಮಗು ತಾನಾಗಿ ಸೇರಿಸಿ ಬರೆದರೆ, ದಾಖಲೆಗಳ ಹೊರಗಿನ ಸಾಕ್ಷ್ಯ ಅಂತ ಡಿಬಿಕ್ಯೂನಲ್ಲಿ ಅದಕ್ಕೇ ಒಂದು ಅಂಕ ಇದೆ. ಪ್ರಶ್ನೆಗೆ ಹೊಂದಬೇಕು, ಅಷ್ಟೇ.

ನಮ್ಮ ಮಕ್ಕಳಿಗೆ ಇನ್ನೊಂದು ಅಭ್ಯಾಸ ಇದೆ. ಪಾಯಿಂಟ್ ಪಾಯಿಂಟ್ ಹಾಕಿ ಬರೆಯುವುದು. ಇಲ್ಲಿ ಬರೀ ಪಾಯಿಂಟಿಗೆ ಅಂಕ ಇಲ್ಲ, ಚಿಕ್ಕ ಉತ್ತರವೂ ಪೂರ್ತಿ ವಾಕ್ಯದಲ್ಲೇ ಇರಬೇಕು. ಮಾದರಿ ಉತ್ತರವನ್ನು ಪಾಯಿಂಟ್ ರೂಪದಲ್ಲಿ ಕೊಟ್ಟು ಕೈ ತೊಳೆದುಕೊಳ್ಳುವ ಪುಸ್ತಕ ಇದ್ದರೆ ಬರವಣಿಗೆ ಅಭ್ಯಾಸಕ್ಕೆ ಅದನ್ನು ಮುಟ್ಟಬೇಡಿ.

ಎಲ್ಲಾ ಯೂನಿಟಿಗೂ ಒಂದೇ ತೂಕ ಇಲ್ಲ ಅನ್ನುವುದೂ ಗೊತ್ತಿರಲಿ. ಮೂರರಿಂದ ಆರರವರೆಗಿನ ನಾಲ್ಕು ಯೂನಿಟ್, ಅಂದರೆ 1450ರಿಂದ 1900, ಒಂದೊಂದಕ್ಕೂ 12ರಿಂದ 15 ಪರ್ಸೆಂಟ್. ಉಳಿದವು 8ರಿಂದ 10. ಮಗಳು ಮಂಗೋಲರಲ್ಲೇ ನಿಂತಿದ್ದಾಳೆ ಅಂದಿರಲ್ಲ, ಅದು ಎರಡನೇ ಯೂನಿಟ್. ದೊಡ್ಡ ಅಂಕ ಇನ್ನೂ ಮುಂದಿದೆ. ಮೊದಲನೇ ಯೂನಿಟಿನಲ್ಲಿ ನಮ್ಮ ವಿಜಯನಗರವೂ ಬರುತ್ತದೆ, ಭಕ್ತಿ ಚಳವಳಿಯೂ ಬರುತ್ತದೆ, ಅದನ್ನು ನೀವೇ ಅವಳಿಗೆ ಕನ್ನಡದಲ್ಲಿ ಹೇಳಿಬಿಡಬಹುದು ಅಲ್ವಾ?


ಡೊಂಬಿವಲಿ ಅಮ್ಮ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಎಪಿ ಯುಎಸ್ ಹಿಸ್ಟರಿ ಬರೆಯುತ್ತಾನೆ. ಅದಕ್ಕೂ ಇದೇ ಮಾತು ಅನ್ವಯಿಸುತ್ತಾ? ಅವನಿಗೆ ವರ್ಲ್ಡ್ ಹಿಸ್ಟರಿಯ ಪುಸ್ತಕ ಕೊಟ್ಟರೆ ಪ್ರಬಂಧದ ಭಾಗಕ್ಕಾದರೂ ಉಪಯೋಗ ಆಗುತ್ತಾ?


ಘಾಟ್ಕೋಪರ್ ಸ್ಲೋ ಲೋಕಲ್:

ಆಂಟಿ, ಪರೀಕ್ಷೆಯ ಅಚ್ಚು ಒಂದೇ. ಪ್ರಶ್ನೆಗಳ ಸಂಖ್ಯೆ, ಸಮಯ, ಡಿಬಿಕ್ಯೂಗೆ ಅಂಕ ಕೊಡುವ ರೀತಿ, ವರ್ಲ್ಡ್, ಯುಎಸ್, ಯುರೋಪಿಯನ್ ಮೂರಕ್ಕೂ ಅದೇ. ಹಾಗಾಗಿ ಬರೆಯುವುದು ಹೇಗೆ ಅನ್ನುವ ಭಾಗ ಓದಬಹುದು. ಪಾಠ ಮಾತ್ರ ಪೂರ್ತಿ ಬೇರೆ. ಯುಎಸ್‌ನದ್ದು 1491ರಿಂದ ಶುರು, ಕೊಲಂಬಸ್ ಬರುವುದಕ್ಕೆ ಒಂದು ವರ್ಷ ಮೊದಲು. ಇಲ್ಲಿ ಬೆಳೆದ ಹುಡುಗರಿಗೆ ಅಲ್ಲಿನ ಅಧ್ಯಕ್ಷರುಗಳ ಹೆಸರೇ ತಲೆ ತಿನ್ನುತ್ತದೆ, ಅದಕ್ಕೆ ಯುಎಸ್ ಬರೆಯುವವರಿಗೆ ತೆಳ್ಳನೆಯ ಪುಸ್ತಕ ನಾನು ಹೇಳಲ್ಲ. ದಪ್ಪದ್ದೇ ತಗೊಳ್ಳಿ, ಈಗಲೇ ಶುರು ಮಾಡಿಸಿ.


ಮುಲುಂಡ್ ಗಲ್ಲಾ:

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ, ಹೋಟೆಲಿನಲ್ಲಿ ಇಬ್ಬರು ಹುಡುಗರು ಊರಿಗೆ ಹೋಗಿದ್ದಾರೆ.

ಟೀಚರ್ ಹೇಳಿದ ಹಾಗೆ ಮಾಡಿದೆವು. ಹತ್ತಿ ನನಗೆ ಗೊತ್ತಿಲ್ಲ, ಆದರೆ ಬಟಾಟೆ ಗೊತ್ತು. ದಿನಕ್ಕೆ ಎಷ್ಟು ಕಿಲೋ ಬೇಯಿಸುತ್ತೇನೆ ಅಂತ ಕೇಳಬೇಡಿ. ಮಗಳು ಹೇಳಿದ ಮೇಲೇ ನನಗೆ ತಿಳಿದದ್ದು, ಬಟಾಟೆಯೂ ಒಣಮೆಣಸೂ ಅಮೆರಿಕ ಖಂಡದಿಂದ ಬಂದವು, ಕೊಲಂಬಸ್ ಹೋಗಿ ಬಂದ ಮೇಲೆ, ಪೋರ್ಚುಗೀಸರ ಕೈಯಿಂದ ನಮ್ಮ ಕರಾವಳಿಗೆ. ಐನೂರು ವರ್ಷದ ಹಿಂದೆ ನಮ್ಮ ಮಸಾಲೆ ದೋಸೆಯೊಳಗೆ ಏನಿತ್ತು ಅಂತ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಮೂರರಲ್ಲೂ ಆ ಪುಟ ತೆಗೆದೆವು. ದಪ್ಪ ಪುಸ್ತಕದಲ್ಲಿ ಪಟ್ಟಿ, ಈ ಕಡೆಯಿಂದ ಆ ಕಡೆಗೆ ಇದು ಹೋಯಿತು, ಆ ಕಡೆಯಿಂದ ಇದು ಬಂತು, ಅಷ್ಟೇ. ವರ್ಷ ನೋಡಿದರೆ 2012. ಕಿಂಗ್ಸ್ ಸರ್ಕಲ್‌ನದ್ದು 2020ರದ್ದು, ಅದರಲ್ಲಿ ಬಟಾಟೆ, ಜೋಳ, ಗೆಣಸು ಹೋದ ಕಡೆ ಜನಸಂಖ್ಯೆ ಹೇಗೆ ಏರಿತು, ಆ ಕಡೆ ಸಿಡುಬಿನಿಂದ ಅಲ್ಲಿನ ಜನ ಹೇಗೆ ಸತ್ತರು, ಅದರಿಂದ ಗುಲಾಮರ ವ್ಯಾಪಾರಕ್ಕೆ ಹೇಗೆ ದಾರಿಯಾಯಿತು ಅಂತ ಒಂದರ ಹಿಂದೆ ಒಂದು ಬರೆದಿದ್ದಾರೆ. ನನಗೇ ಅರ್ಥವಾಯಿತು. ಹೊಸದರಲ್ಲಿ ಅದೇ ವಿಷಯ ನಾಲ್ಕು ಸಾಲು, ಆದರೆ ಅದರ ಮೇಲಿನ ಪ್ರಶ್ನೆಗಳು ಚೆನ್ನಾಗಿವೆ, ಮಗಳು ಆರರಲ್ಲಿ ಮೂರು ತಪ್ಪು ಮಾಡಿದಳು.

ಹಾಗಾಗಿ ಓದಲು ಫುಟ್‌ಪಾತಿನದ್ದು, ಪ್ರಶ್ನೆಗೆ ಹೊಸದು, ಪ್ರಬಂಧಕ್ಕೆ ಬೋರ್ಡ್ ಸೈಟು ಅಂತ ತೀರ್ಮಾನವಾಯಿತು. 2020ರ ಪುಸ್ತಕದಲ್ಲಿ ಡಿಬಿಕ್ಯೂ ಪುಟಗಳಿಗೆ ಕೋಥ್ರುಡ್ ಅಣ್ಣ ಹೇಳಿದ ಕಾರಣಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಮುಚ್ಚಿಟ್ಟಿದ್ದಾಳೆ. ಕೇಂದ್ರ ಗಟ್ಟಿಯಾಗಿದೆ, ಅವಳ ಶಾಲೆಯಲ್ಲೇ.

ದಪ್ಪ ಪುಸ್ತಕ ಈಗ ಗಲ್ಲಾದ ಕೆಳಗೆ ಇದೆ. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ನಾನು ಓದುತ್ತೇನೆ. ಇನ್ನೂ ಈಜಿಪ್ಟಿನಲ್ಲಿದ್ದೇನೆ, ಯಾವ ಪರೀಕ್ಷೆಯೂ ಇಲ್ಲವಲ್ಲ, ಅರ್ಜೆಂಟಿಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಫುಟ್‌ಪಾತ್ ಪುಸ್ತಕದ ಪೆನ್ಸಿಲ್ ಗುರುತು ಅಳಿಸುವ ಕೆಲಸ, ಅರ್ಧ ನಾನು, ಅರ್ಧ ಅವಳ ಅಮ್ಮ.


ಘಾಟ್ಕೋಪರ್ ಸ್ಲೋ ಲೋಕಲ್:

ಅಂಕಲ್, ಅಳಿಸುವ ಮೊದಲು ಆ ಪೆನ್ಸಿಲ್ ಉತ್ತರಗಳು ಸರಿಯಿದ್ದವಾ ನೋಡಿದಿರಾ?


ಮುಲುಂಡ್ ಗಲ್ಲಾ:

ನೋಡಿದೆ. ಮೊದಲ ನಲವತ್ತರಲ್ಲಿ ಹದಿನೇಳು ಸರಿ. ಅದಕ್ಕೇ ಮಾರಿದ್ದಾನೆ ಪಾಪ.